ಹಾಸ್ಯಗಾರ ಕಣಕ್ಕಿಳಿದಾಗ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ನನಗೆ ಕೊಟ್ಟ ವಿಷಯ "ಪ್ರಜಾಪ್ರಭುತ್ವ ಮತ್ತು ನಾವು" ಎಂದು. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವನು. ಈ ವಿಷಯದ ಮೇಲೆ ಎಷ್ಟು ಹೊತ್ತು ಬೇಕಾದರೂ ಕೊರೆಯಬಲ್ಲೆ. ಆದರೆ ಅಡುಗೆ ಮನೆಯ ಕಡೆಯಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿದೆ. ಹಾಗಾಗಿ ಆ ದೊಡ್ಡ ವಿಷಯದ ಒಂದು ಸಣ್ಣ ಮೂಲೆಯನ್ನು ಮಾತ್ರ ಹಿಡಿದುಕೊಳ್ಳುತ್ತೇನೆ. ಚುನಾವಣೆಯಲ್ಲಿ ತಮಾಷೆಗೆ ನಿಲ್ಲುವವರು, ಜನರನ್ನು ನಗಿಸುವುದೇ ಕಸುಬಾಗಿದ್ದು ಆಮೇಲೆ ಕುರ್ಚಿ ಏರಿದವರು, ಇವರ ಬಗ್ಗೆ ನಾಲ್ಕು ಮಾತು. ನಗುವಿಗೂ ಮತಕ್ಕೂ ಇರುವ ಸಂಬಂಧ ನಾವು ತಿಳಿದಷ್ಟು ಹಗುರವಾದದ್ದಲ್ಲ.

ನಮ್ಮ ಬಯಲಾಟದ ಹಾಸ್ಯಗಾರನನ್ನು ನೆನಪು ಮಾಡಿಕೊಳ್ಳಿ. ಅವನು ದೂತನಾಗಿಯೋ ಸೇವಕನಾಗಿಯೋ ಬರುತ್ತಾನೆ. ಕಿರೀಟ ಇಟ್ಟ ರಾಜನ ಎದುರು ನಿಂತು ಉಳಿದವರು ಆಡಲಾರದ ಮಾತನ್ನು ಆಡಿಬಿಡುತ್ತಾನೆ. ಊರ ಗೌಡರಿಗೂ ಒಂದು ಏಟು, ಶಾನುಭೋಗರಿಗೂ ಒಂದು ಏಟು. ಎಲ್ಲರೂ ನಗುತ್ತಾರೆ, ಏಟು ತಿಂದವರೂ ನಗಲೇಬೇಕು. ಕಂಪನಿ ನಾಟಕಗಳ ಕಾಲಕ್ಕೆ ಬಂದರೆ ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ಇದೇ ಕೆಲಸ ಮಾಡಿದರು. ಆಳುವವರನ್ನು ರಂಗದ ಮೇಲಿಂದಲೇ ಝಾಡಿಸಿದರು. ಆದರೆ ಆಟದಲ್ಲಿ ಒಂದು ಕಟ್ಟಳೆ ಇದೆ. ಹಾಸ್ಯಗಾರ ಸಿಂಹಾಸನದ ಮೇಲೆ ಕೂರುವುದಿಲ್ಲ. ಕೂತರೂ ಬೆಳಗಾಗುವುದರೊಳಗೆ ಇಳಿಯುತ್ತಾನೆ, ಬಣ್ಣ ಒರೆಸಿಕೊಂಡು ಮನೆಗೆ ಹೋಗುತ್ತಾನೆ. ಚುನಾವಣೆಯಲ್ಲಿ ಹಾಗಿಲ್ಲ. ಅಲ್ಲಿ ಕೂತವನು ಐದು ವರ್ಷ ಕೂರುತ್ತಾನೆ. ನಾನು ಹೇಳಬೇಕೆಂದಿರುವುದು ಈ ವ್ಯತ್ಯಾಸದ ಬಗ್ಗೆ.

ಮೊದಲು ಗೆಲ್ಲದವರನ್ನು ನೋಡೋಣ. ನಮ್ಮ ರಾಜ್ಯದ ಹೊಟ್ಟೆ ಪಕ್ಷದ ರಂಗಸ್ವಾಮಿಯವರ ಹೆಸರನ್ನು ಇಲ್ಲಿರುವ ಹಿರಿಯರು ಕೇಳಿರುತ್ತೀರಿ. 86 ಚುನಾವಣೆಗಳಿಗೆ ನಿಂತರು, ಒಂದರಲ್ಲೂ ಗೆಲ್ಲಲಿಲ್ಲ. ಆ ಸೋಲುಗಳ ಲೆಕ್ಕಕ್ಕೇ ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಹೆಸರು ಬಂತು. 2007ರಲ್ಲಿ ತೀರಿಕೊಂಡರು. ಪಕ್ಷದ ಹೆಸರು ಕೇಳಿದವರು ನಕ್ಕರು. ಸಿದ್ಧಾಂತ, ಕ್ರಾಂತಿ, ಪ್ರಗತಿ ಎಂಬ ದೊಡ್ಡ ಮಾತುಗಳ ನಡುವೆ ಒಬ್ಬ ಮನುಷ್ಯ ಬಂದು "ಹೊಟ್ಟೆ" ಅಂದರೆ ನಗು ಬರುವುದು ಸಹಜವೇ. ಆದರೆ ಆಮೇಲೆ ಏನಾಯಿತು ನೋಡಿ. 2013ರಲ್ಲಿ ರಾಜ್ಯದಲ್ಲಿ ಅನ್ನಭಾಗ್ಯ ಬಂತು, ಅದೇ ವರ್ಷ ದೇಶಕ್ಕೆ ಆಹಾರ ಭದ್ರತಾ ಕಾಯ್ದೆ ಬಂತು. 2017ರಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಡುವ ಇಂದಿರಾ ಕ್ಯಾಂಟೀನ್ ತೆರೆಯಿತು. ಇವತ್ತು ಅಕ್ಕಿಯ ಮಾತಿಲ್ಲದ ಪ್ರಣಾಳಿಕೆ ಯಾವ ಪಕ್ಷದ್ದೂ ಇಲ್ಲ. ಇದೆಲ್ಲ ರಂಗಸ್ವಾಮಿಯವರಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಅವರು ನಗೆಪಾಟಲಿಗೆ ಒಳಗಾಗಿ ಹೇಳಿದ ಸಂಗತಿ ಸುಳ್ಳಾಗಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಇಂಗ್ಲೆಂಡಿನಲ್ಲೂ ಇಂಥವರೊಬ್ಬರಿದ್ದರು. ಅವರ ಹೆಸರು ಸ್ಕ್ರೀಮಿಂಗ್ ಲಾರ್ಡ್ ಸಚ್, ಎಂದರೆ ಕಿರುಚಾಡುವ ಸಚ್ ಪ್ರಭು. ಪ್ರಭುತ್ವ ಗಿಭುತ್ವ ಏನೂ ಇರಲಿಲ್ಲ, ಅವರು ರಾಕ್ ಸಂಗೀತದ ಹಾಡುಗಾರ. 1963ರ ಒಂದು ಉಪಚುನಾವಣೆಯಲ್ಲಿ ಹದಿಹರೆಯದವರ ಪಕ್ಷ ಎಂದು ಹೆಸರಿಟ್ಟುಕೊಂಡು ನಿಂತು, ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿ ಎಂದರು. ಜನ ನಕ್ಕರು, ಠೇವಣಿ ಹೋಯಿತು. ಆರು ವರ್ಷಗಳ ನಂತರ, 1969ರಲ್ಲಿ, ಅಲ್ಲಿನ ಪಾರ್ಲಿಮೆಂಟು ವಯಸ್ಸನ್ನು 18ಕ್ಕೆ ಇಳಿಸಿತು. ನಮ್ಮಲ್ಲಿ ಅದೇ ಕೆಲಸ ಸಂವಿಧಾನದ 61ನೆಯ ತಿದ್ದುಪಡಿಯಿಂದ ಆಯಿತು, 1989ರಲ್ಲಿ ಜಾರಿಗೆ ಬಂತು. ಮುಂದಿನ ಸಾಲಿನಲ್ಲಿರುವ ಮಕ್ಕಳು ಇನ್ನು ಮೂರು ನಾಲ್ಕು ವರ್ಷಕ್ಕೆ ಬೆರಳಿಗೆ ಶಾಯಿ ಹಾಕಿಸಿಕೊಳ್ಳುವುದು ಆ ತಿದ್ದುಪಡಿಯಿಂದ. ಅದೇ ಸಚ್ ಮುಂದೆ 1980ರ ದಶಕದಲ್ಲಿ "ರಾಕ್ಷಸ ಹುಚ್ಚರ ಪಕ್ಷ" ಎಂದು ಅರ್ಥ ಬರುವ ಹೆಸರಿನ ಒಂದು ಪಕ್ಷವನ್ನೇ ಕಟ್ಟಿದರು. ಅದು ಈಗಲೂ ಇದೆ, ಈಗಲೂ ಸೋಲುತ್ತದೆ.

ಹೀಗೆ ಸೋಲುವುದಕ್ಕೆಂದೇ ನಿಲ್ಲುವ ಅಭ್ಯರ್ಥಿಯನ್ನು ನಾನು ಪಕ್ಷಗಳಿಗೆ ಬರೆದ ಒಂದು ಬಹಿರಂಗ ಪತ್ರ ಎಂದು ತಿಳಿಯುತ್ತೇನೆ. ಕೆಲವೊಮ್ಮೆ ಪತ್ರವನ್ನು ಒಬ್ಬರು ಬರೆಯುತ್ತಾರೆ, ಕೆಲವೊಮ್ಮೆ ಇಡೀ ಸೀಮೆಯೇ ಬರೆಯುತ್ತದೆ. 1996ರ ಚುನಾವಣೆ ನೆನಪಿದೆಯೆ? ಅವಿಭಜಿತ ಆಂಧ್ರದ ನಲ್ಗೊಂಡ ಲೋಕಸಭಾ ಕ್ಷೇತ್ರದಲ್ಲಿ 480 ಮಂದಿ ಕಣದಲ್ಲಿದ್ದರು. ಆ ಸೀಮೆಯ ಕುಡಿಯುವ ನೀರಿನಲ್ಲಿ ಫ್ಲೋರೈಡ್ ವಿಷ. ಮಕ್ಕಳ ಹಲ್ಲು ಕಂದಾಗಿ, ಮೂಳೆ ಸೊಟ್ಟಗಾಗಿ, ನಡು ಬಗ್ಗಿಹೋಗುತ್ತಿತ್ತು. ಮನವಿ ಕೊಟ್ಟು ಸಾಕಾದ ಜನ ಸಾಲುಗಟ್ಟಿ ನಾಮಪತ್ರ ಕೊಟ್ಟರು. ನಮ್ಮ ಬೆಳಗಾವಿಯಲ್ಲಿ ಅದೇ ಸಲ 456 ಅಭ್ಯರ್ಥಿಗಳು, ಅಲ್ಲಿದ್ದದ್ದು ಗಡಿಯ ಜಗಳ. ತಮಿಳುನಾಡಿನ ಮೊಡಕುರುಚಿ ವಿಧಾನಸಭಾ ಕ್ಷೇತ್ರದಲ್ಲಿ 1,033 ಮಂದಿ, ಅಲ್ಲಿದ್ದದ್ದು ರೈತರ ಸಿಟ್ಟು. ಮತಪತ್ರ ಪುಸ್ತಕದಷ್ಟು ದಪ್ಪವಾಯಿತು, ಮತದಾನವನ್ನು ಮುಂದೂಡಬೇಕಾಯಿತು. ದೂರದಿಂದ ನೋಡಿದವರಿಗೆ ಇದು ನಗೆಹಬ್ಬ. ನಲ್ಗೊಂಡದ ತಾಯಂದಿರಿಗೆ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ.

ಸರ್ಕಾರ ಈ ಪತ್ರಕ್ಕೆ ಏನು ಉತ್ತರ ಕೊಟ್ಟಿತು? ಠೇವಣಿ ಏರಿಸಿತು. ಅಲ್ಲಿಯವರೆಗೆ ಲೋಕಸಭೆಗೆ 500 ರೂಪಾಯಿ, ವಿಧಾನಸಭೆಗೆ 250 ರೂಪಾಯಿ ಇತ್ತು. ಅದು 10,000 ಮತ್ತು 5,000 ಆಯಿತು, ಈಗ 25,000 ಮತ್ತು 10,000. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಇದರ ಅರ್ಧ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಆ ಹಣ ವಾಪಸು ಬರುವುದಿಲ್ಲ. ಇದರ ಪರಿಣಾಮ ಕೂಡಲೇ ಕಂಡಿತು. 1996ರಲ್ಲಿ ಲೋಕಸಭೆಗೆ 13,952 ಮಂದಿ ಸ್ಪರ್ಧಿಸಿದ್ದರು, 1998ರಲ್ಲಿ 4,750 ಮಂದಿ. ಮತಪತ್ರ ತೆಳ್ಳಗಾಯಿತು, ಅಧಿಕಾರಿಗಳಿಗೆ ಅನುಕೂಲವಾಯಿತು. ಆ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಸಾವಿರ ಹೆಸರಿನ ಮತಪತ್ರದಲ್ಲಿ ಕಣ್ಣು ಮಂಜಾದ ಅಜ್ಜಿ ತನ್ನ ಗುರುತನ್ನು ಹುಡುಕುವುದಾದರೂ ಹೇಗೆ? ಆದರೆ ಠೇವಣಿ ಎಂಬ ಜರಡಿ ತಮಾಷೆಯವನನ್ನೂ ಬಡವನನ್ನೂ ಬೇರೆ ಬೇರೆ ಮಾಡುವುದಿಲ್ಲ. ಹಣವಿರುವ ತಮಾಷೆಯವನು ಅದರಲ್ಲಿ ಸಲೀಸಾಗಿ ಇಳಿಯುತ್ತಾನೆ. ಹಣವಿಲ್ಲದ ಗಂಭೀರ ಮನುಷ್ಯ ಮೇಲೆಯೇ ಉಳಿಯುತ್ತಾನೆ.

ಇನ್ನು ಗೆದ್ದವರ ಕಡೆ ಬರೋಣ. ನಾಲ್ಕು ದೇಶಗಳ ನಾಲ್ಕು ಮಂದಿಯ ಕಥೆ ಹೇಳುತ್ತೇನೆ. ನಾಲ್ವರೂ ನಗಿಸುತ್ತಿದ್ದವರೇ, ಆದರೆ ನಾಲ್ವರೂ ಒಂದೇ ದಾರಿ ಹಿಡಿಯಲಿಲ್ಲ.

ಬ್ರೆಜಿಲ್ ದೇಶದ ಟಿರಿರಿಕಾ ಸರ್ಕಸ್ಸಿನ ಕೋಡಂಗಿ. 2010ರಲ್ಲಿ ಅಲ್ಲಿನ ಸಂಸತ್ತಿಗೆ ನಿಂತು, ಸಂಸದ ಏನು ಮಾಡುತ್ತಾನೋ ನನಗೆ ಗೊತ್ತಿಲ್ಲ, ಆರಿಸಿ ಕಳಿಸಿ, ತಿಳಿದುಕೊಂಡು ಹೇಳುತ್ತೇನೆ ಎಂದು ಪ್ರಚಾರ ಮಾಡಿದರು. ಈಗಿರುವುದಕ್ಕಿಂತ ಕೆಡುವುದಕ್ಕೆ ಏನೂ ಉಳಿದಿಲ್ಲ ಎಂಬುದು ಇನ್ನೊಂದು ಘೋಷಣೆ. 13 ಲಕ್ಷಕ್ಕೂ ಹೆಚ್ಚು ಮತ ಬಂತು. ಆ ಸಲ ಇಡೀ ದೇಶದಲ್ಲಿ ಯಾವ ಸಂಸದನಿಗೂ ಅಷ್ಟು ಮತ ಬಂದಿರಲಿಲ್ಲ. ಓದು ಬರಹ ಬರುತ್ತದೆಯೇ ಎಂದು ನ್ಯಾಯಾಲಯ ಪರೀಕ್ಷೆ ಮಾಡಿತು, ಪಾಸಾದರು. ಇಲ್ಲಿ ಒಂದು ಸೂಕ್ಷ್ಮವಿದೆ. ಆಗಿನ ಅಲ್ಲಿನ ಪದ್ಧತಿಯಲ್ಲಿ ಒಬ್ಬ ಅಭ್ಯರ್ಥಿಗೆ ಬೇಕಾದ್ದಕ್ಕಿಂತ ಹೆಚ್ಚು ಬಂದ ಮತ ಅವನ ಕೂಟದ ಬೇರೆಯವರಿಗೆ ಆಸರೆಯಾಗುತ್ತಿತ್ತು. ಜನ ರಾಜಕಾರಣಿಗಳ ಮೇಲಿನ ಸಿಟ್ಟಿಗೆ ಕೋಡಂಗಿಗೆ ಮತ ಹಾಕಿದರು. ಅವನ ಬೆನ್ನ ಹಿಂದೆ ಕೂತು ಸಂಸತ್ತಿನ ಒಳಗೆ ಹೋದವರು ರಾಜಕಾರಣಿಗಳೇ! ಟಿರಿರಿಕಾ ಮಾತ್ರ ಹಾಜರಾತಿಯಲ್ಲಿ ಒಳ್ಳೆಯ ಹೆಸರು ತೆಗೆದುಕೊಂಡರು. ಆದರೆ ಸಭೆಯ ವೇದಿಕೆಯಿಂದ ಮೊದಲ ಭಾಷಣ ಮಾಡಿದ್ದು ಏಳು ವರ್ಷದ ಮೇಲೆ.

ಎರಡನೆಯದು ಐಸ್‌ಲ್ಯಾಂಡ್. ಉತ್ತರ ಧ್ರುವದ ಹತ್ತಿರದ ಪುಟ್ಟ ದೇಶ. 2008ರಲ್ಲಿ ಅಲ್ಲಿನ ದೊಡ್ಡ ಬ್ಯಾಂಕುಗಳು ಒಂದರ ಹಿಂದೊಂದು ಮುಳುಗಿದವು, ಜನ ಕಂಗಾಲಾದರು. ಆಗ ಯೋನ್ ಗ್ನಾರ್ ಎಂಬ ಹಾಸ್ಯನಟ "ಅತ್ಯುತ್ತಮ ಪಕ್ಷ" ಎಂದು ಒಂದು ಪಕ್ಷ ಮಾಡಿದರು. ಈಜುಕೊಳಗಳಲ್ಲಿ ಎಲ್ಲರಿಗೂ ಪುಕ್ಕಟೆ ಟವೆಲ್, ಮೃಗಾಲಯಕ್ಕೆ ಒಂದು ಹಿಮಕರಡಿ ಎಂದು ಭರವಸೆ ಕೊಟ್ಟರು. ಕೊಟ್ಟ ಭರವಸೆಗಳನ್ನು ಈಡೇರಿಸುವುದಿಲ್ಲ ಎಂದೂ ಮುಂಚೆಯೇ ಹೇಳಿಬಿಟ್ಟರು. 2010ರಲ್ಲಿ ರಾಜಧಾನಿ ರೇಕ್ಯವಿಕ್‌ನ ನಗರಸಭೆಯ 15 ಸ್ಥಾನಗಳಲ್ಲಿ 6 ಗೆದ್ದು ಮೇಯರ್ ಆದರು. ಕುರ್ಚಿಯಲ್ಲಿ ಕೂತ ಮೇಲೆ ಅನುಭವವಿದ್ದ ಇನ್ನೊಂದು ಪಕ್ಷವನ್ನು ಜೊತೆಗಿಟ್ಟುಕೊಂಡರು, ಲೆಕ್ಕದ ಪುಸ್ತಕ ತೆರೆದರು. ನಗರದ ವಿದ್ಯುತ್ತು ಮತ್ತು ಬಿಸಿನೀರಿನ ಕಂಪನಿ ಸಾಲದಲ್ಲಿ ಮುಳುಗಿತ್ತು. ದರ ಏರಿಸಿದರು, ಸಿಬ್ಬಂದಿ ಕಡಿಮೆ ಮಾಡಿದರು, ಕೆಲವು ಶಾಲೆಗಳನ್ನು ಒಟ್ಟುಗೂಡಿಸಿದರು. ಶಾಲೆಗಳ ವಿಷಯದಲ್ಲಿ ತಂದೆತಾಯಿಗಳು ತಿರುಗಿಬಿದ್ದರು. ಸರ್ಕಾರಿ ಶಾಲೆಯನ್ನು ಐವತ್ತು ವರ್ಷ ಉಳಿಸಿಕೊಂಡು ಬಂದಿರುವ ನಮಗೆ ಆ ಪೋಷಕರ ಸಂಕಟ ಅರ್ಥವಾಗುತ್ತದೆ. ಮೇಯರ್ ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಅವರು ಜನ ಬೈಯುವಂಥ ಕೆಲಸವನ್ನೂ ಎದುರಿಗೆ ನಿಂತು ಮಾಡಿದರು, ನಾಲ್ಕು ವರ್ಷ ಪೂರೈಸಿದರು, 2014ರಲ್ಲಿ ಮತ್ತೆ ಮೇಯರ್ ಆಗಲು ಹೋಗದೆ ಮನೆಗೆ ಹೋದರು.

ಮೂರನೆಯದು ಮಧ್ಯ ಅಮೆರಿಕದ ಗ್ವಾಟೆಮಾಲಾ. 2015ರಲ್ಲಿ ಅಲ್ಲಿನ ಅಧ್ಯಕ್ಷರು ಸುಂಕದ ಹಣದ ಹಗರಣದಲ್ಲಿ ಸಿಕ್ಕಿಬಿದ್ದು ರಾಜೀನಾಮೆ ಕೊಟ್ಟು ಜೈಲಿಗೆ ಹೋದರು. ಜನ ರೋಸಿಹೋಗಿದ್ದರು. ಟಿವಿಯ ಹಾಸ್ಯ ಕಾರ್ಯಕ್ರಮದ ಜಿಮ್ಮಿ ಮೊರಾಲೆಸ್ "ಭ್ರಷ್ಟನೂ ಅಲ್ಲ, ಕಳ್ಳನೂ ಅಲ್ಲ" ಎಂಬ ಘೋಷಣೆ ಇಟ್ಟುಕೊಂಡು ನಿಂತು, ನೂರಕ್ಕೆ 67ರಷ್ಟು ಮತ ಪಡೆದು ಅಧ್ಯಕ್ಷರಾದರು. ಹಿಂದಿನ ಹಗರಣವನ್ನು ಬಯಲಿಗೆ ತಂದದ್ದು ವಿಶ್ವಸಂಸ್ಥೆಯ ಬೆಂಬಲವಿದ್ದ ಒಂದು ತನಿಖಾ ಆಯೋಗ. ಅದೇ ಆಯೋಗ ಈ ಹೊಸ ಅಧ್ಯಕ್ಷರ ಪಕ್ಷದ ಚುನಾವಣಾ ಹಣದ ಲೆಕ್ಕ ಕೇಳಿತು. ಅವರು ಆಯೋಗದ ಮುಖ್ಯಸ್ಥರನ್ನು ದೇಶ ಬಿಟ್ಟು ಹೋಗಿ ಎಂದರು, ನ್ಯಾಯಾಲಯ ತಡೆಯಿತು. ಕೊನೆಗೆ ಅವಧಿ ಮುಂದುವರಿಸದೆ 2019ರಲ್ಲಿ ಆಯೋಗವನ್ನೇ ಮುಚ್ಚಿಸಿದರು. ಬೇರೆಯವರ ಮುಖಕ್ಕೆ ಕನ್ನಡಿ ಹಿಡಿದು ಗೆದ್ದವರು, ಕನ್ನಡಿ ತಮ್ಮ ಕಡೆ ತಿರುಗಿದಾಗ ಅದನ್ನು ತೆಗೆದುಹಾಕಿಸಿದರು.

ನಾಲ್ಕನೆಯದು ಯುಕ್ರೇನ್. ಇದನ್ನು ಇಲ್ಲಿರುವ ಮೇಷ್ಟ್ರುಗಳೆಲ್ಲ ಕೇಳಬೇಕು. 2015ರಲ್ಲಿ ಅಲ್ಲಿ "ಜನರ ಸೇವಕ" ಎಂಬ ಟಿವಿ ಧಾರಾವಾಹಿ ಶುರುವಾಯಿತು. ಅದರ ನಾಯಕ ಒಬ್ಬ ಹೈಸ್ಕೂಲು ಇತಿಹಾಸದ ಮೇಷ್ಟ್ರು. ಭ್ರಷ್ಟಾಚಾರದ ಬಗ್ಗೆ ಅವರು ಸಿಟ್ಟಿನಲ್ಲಿ ಕೂಗಾಡಿದ್ದನ್ನು ಒಬ್ಬ ವಿದ್ಯಾರ್ಥಿ ಮೊಬೈಲಿನಲ್ಲಿ ಹಿಡಿದು ಹಂಚಿಬಿಡುತ್ತಾನೆ. ಮೇಷ್ಟ್ರು ದೇಶದ ಅಧ್ಯಕ್ಷರಾಗಿಬಿಡುತ್ತಾರೆ. ಆ ಪಾತ್ರ ಮಾಡಿದ ಹಾಸ್ಯನಟ ವೊಲೊಡಿಮಿರ್ ಝೆಲೆನ್‌ಸ್ಕಿ ಧಾರಾವಾಹಿಯ ಹೆಸರನ್ನೇ ಪಕ್ಷಕ್ಕೆ ಇಟ್ಟುಕೊಂಡು 2019ರಲ್ಲಿ ನೂರಕ್ಕೆ 73ರಷ್ಟು ಮತ ಪಡೆದು ನಿಜವಾಗಿಯೂ ಅಧ್ಯಕ್ಷರಾದರು. 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಗಡಿ ದಾಟಿ ಬಂದಾಗ ಅವರು ರಾಜಧಾನಿ ಕೀವ್ ಬಿಟ್ಟು ಹೋಗಲಿಲ್ಲ. ಆ ಯುದ್ಧದ ಬಗ್ಗೆ, ಅವರ ಆಡಳಿತದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಅಂದಿನಿಂದ ಅವರನ್ನು ಹಾಸ್ಯನಟ ಎಂದು ಹಗುರವಾಗಿ ಕಂಡವರು ಕಡಿಮೆ. ಮತ ಹಾಕಿದ ದಿನ ಇಂಥ ದಿನ ಬರುತ್ತದೆ ಎಂದು ಯಾವ ಮತದಾರನಿಗೂ ಗೊತ್ತಿರಲಿಲ್ಲ. ಮತ ಎಂದರೆ ಅದೇ ಅಲ್ಲವೆ? ಬರಲಿರುವ, ನಮಗೆ ಕಾಣದ ದಿನಕ್ಕೆ ಒಬ್ಬರನ್ನು ನೇಮಿಸುವುದು.

ನಮ್ಮ ದೇಶದಲ್ಲೂ ಪಂಜಾಬಿನ ಹಾಸ್ಯ ಕಲಾವಿದ ಭಗವಂತ್ ಮಾನ್ 2014ರಲ್ಲಿ ಸಂಸದರಾಗಿ, 2022ರಲ್ಲಿ ಮುಖ್ಯಮಂತ್ರಿಯಾದರು. ಅವರ ಕೆಲಸಕ್ಕೆ ಅಂಕ ಕೊಡುವುದು ಪಂಜಾಬಿನ ಜನಕ್ಕೆ ಬಿಟ್ಟದ್ದು.

ಈ ಕಥೆಗಳಿಂದ ನನಗೆ ತಿಳಿದದ್ದು ಇಷ್ಟು. ನಗಿಸುವವನು ಆಳಲು ಅನರ್ಹ ಎಂದು ಹೇಳುವುದಕ್ಕೆ ಆಧಾರವಿಲ್ಲ. ವಕೀಲ, ಗುತ್ತಿಗೆದಾರ, ಜಮೀನ್ದಾರ ಆಳಬಹುದಾದರೆ ಹಾಸ್ಯಗಾರ ಯಾಕಾಗಬಾರದು? ಹಾಗೆಯೇ, ಆಳುವವರನ್ನು ಚೆನ್ನಾಗಿ ಅಣಕಿಸಿದ ಎಂಬುದು ಆಳುವುದಕ್ಕೆ ಅರ್ಹತೆಯೂ ಆಗುವುದಿಲ್ಲ. ಚಪ್ಪಲಿ ಕಚ್ಚುತ್ತದೆ ಎಂದು ಹೇಳಲು ಯಾರಿಗಾದರೂ ಬರುತ್ತದೆ, ಹೊಲಿಯಲು ಬೇರೆ ಕೈ ಬೇಕು. ಆದ್ದರಿಂದ ಅವನನ್ನೂ ಉಳಿದವರನ್ನು ಕೇಳುವ ಪ್ರಶ್ನೆಗಳನ್ನೇ ಕೇಳಬೇಕು. ನಿನ್ನ ಖರ್ಚಿಗೆ ಹಣ ಎಲ್ಲಿಂದ ಬಂತು? ನಿನ್ನ ಬೆನ್ನ ಹಿಂದೆ ಯಾರಿದ್ದಾರೆ? ನಿನ್ನ ಬಗ್ಗೆ ನಾವು ನಕ್ಕರೆ ಸಹಿಸಿಕೊಳ್ಳುತ್ತೀಯಾ? ಗ್ವಾಟೆಮಾಲಾದ ಜನ ಮೊದಲನೆಯದನ್ನು ಕೇಳಲಿಲ್ಲ, ಬ್ರೆಜಿಲ್‌ನ ಜನ ಎರಡನೆಯದನ್ನು ಕೇಳಲಿಲ್ಲ. ಮೂರನೆಯದನ್ನು ನಾವು ಯಾರನ್ನೂ ಕೇಳುವುದಿಲ್ಲ.

ಸಿಟ್ಟು ಬಂದವರಿಗೆ 2013ರಿಂದ ನೋಟಾ ಇದೆ, ಮೇಲಿನ ಯಾರೂ ಬೇಡ ಎನ್ನುವ ಗುಂಡಿ. ಅದಕ್ಕೆ ಮುಖವಿಲ್ಲ, ಅದು ಕುರ್ಚಿಯಲ್ಲಿ ಕೂರುವುದಿಲ್ಲ. ತಮಾಷೆಯ ಅಭ್ಯರ್ಥಿಗೆ ಮುಖವಿದೆ, ಗೆದ್ದರೆ ಕೂರುತ್ತಾನೆ. ಈ ಎರಡನ್ನೂ ಒಂದೇ ಎಂದು ತಿಳಿಯಬಾರದು.

ಇಷ್ಟು ಹೊತ್ತು ದೂರದೂರದ ಮಾತಾಯಿತು. ಈಗ ಊರಿನ ಮಾತು. ಇದು ಕೆಲವರಿಗೆ ಕಹಿಯಾಗಬಹುದು, ನಮ್ಮವರೇ ಎಂಬ ಸಲಿಗೆಯಿಂದ ಹೇಳುತ್ತೇನೆ.

ನಗುವಿನಲ್ಲಿ ಎರಡು ಬಗೆ. ಕೆಳಗಿನವನು ಮೇಲಿನವನನ್ನು ನೋಡಿ ನಗುವುದು ಒಂದು. ಬಯಲಾಟದ ಹಾಸ್ಯಗಾರನದು, ರಂಗಸ್ವಾಮಿಯವರದು ಆ ನಗು. ಮೇಲಿನವನು ಕೆಳಗಿನವನನ್ನು ನೋಡಿ ನಗುವುದು ಇನ್ನೊಂದು. ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ಹಳ್ಳಿಗಳಲ್ಲಿ ಈ ಎರಡನೆಯ ನಗುವನ್ನು ನೀವೂ ಕೇಳಿರುತ್ತೀರಿ. ಮೀಸಲು ಸ್ಥಾನ ಬಂದರೆ, ಕೂಲಿ ಮಾಡುವ ಒಬ್ಬ ಸಾಧು ಮನುಷ್ಯನನ್ನೋ ಓದು ಬಾರದ ಒಬ್ಬ ಹೆಣ್ಣುಮಗಳನ್ನೋ ಹಿಡಿದು "ಇವರನ್ನೇ ನಿಲ್ಲಿಸೋಣ, ಮಜಾ ಇರುತ್ತೆ" ಎನ್ನುವುದು. ಠೇವಣಿ ತಾವೇ ಕಟ್ಟುವುದು, ಹಾರ ಹಾಕುವುದು, ಟ್ರ್ಯಾಕ್ಟರಿನಲ್ಲಿ ಕೂರಿಸಿ ತಮಟೆ ಹೊಡೆಸುವುದು. ಸೋತರೆ ವರ್ಷವಿಡೀ ಹೋಟೆಲಿನ ಕಟ್ಟೆಯಲ್ಲಿ ಅದೇ ನಗು. ಗೆದ್ದರೆ ರಬ್ಬರ್ ಸ್ಟ್ಯಾಂಪು ಇನ್ನೊಬ್ಬರ ಜೇಬಿನಲ್ಲಿ. ಅವರಿಗೆ ಒಂದು ಕುರ್ಚಿ ಹಾಕುವುದಕ್ಕೂ ಮೀನಮೇಷ. ಪರದೇಶದ ಕೋಡಂಗಿ ತಾನಾಗಿಯೇ ಬಣ್ಣ ಹಚ್ಚಿಕೊಂಡ. ಇಲ್ಲಿ ಬಣ್ಣ ಹಚ್ಚಿದವರು ನಾವು, ಮುಖ ಮಾತ್ರ ಅವರದು.

ನಮ್ಮ ರಾಜ್ಯ 1983ರ ಕಾಯ್ದೆಯಲ್ಲೇ ಮಂಡಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತು. 1987ರ ಚುನಾವಣೆಯಲ್ಲಿ ಅದು ಜಾರಿಗೆ ಬಂದಾಗ ಅನೇಕ ಗಂಡಸರಿಗೆ ಅದೊಂದು ದೊಡ್ಡ ತಮಾಷೆ. ಒಲೆ ಮುಂದೆ ಕೂತವರು ಮೀಟಿಂಗಿಗೆ ಬರುತ್ತಾರಂತೆ ಎಂದು ನಕ್ಕರು. 1993ರಿಂದ ದೇಶಕ್ಕೆಲ್ಲ ಮೂರನೇ ಒಂದು ಭಾಗವಾಯಿತು, 2010ರಿಂದ ನಮ್ಮಲ್ಲಿ ಅರ್ಧ. ನೀರಿನ ಪೈಪು, ಅಂಗನವಾಡಿಯ ಸೂರು, ಶಾಲೆಯ ಶೌಚಾಲಯ, ಇವುಗಳ ಮಾತು ಪಂಚಾಯಿತಿಯಲ್ಲಿ ಬಲವಾಗಿ ಎದ್ದದ್ದು ಆ ಹೆಂಗಸರು ಬಂದ ಮೇಲೆ. ಅಧ್ಯಕ್ಷೆಯ ಕುರ್ಚಿಯಲ್ಲಿ ಇವತ್ತಿಗೂ ಗಂಡನೇ ಕೂರುವ ಊರುಗಳಿವೆ. ಅಲ್ಲಿ ನಗೆಪಾಟಲಾಗಬೇಕಾದವರು ಅಧ್ಯಕ್ಷೆಯಲ್ಲ, ಆ ಕುರ್ಚಿಯಲ್ಲಿ ಕೂತ ಯಜಮಾನರು.

ಮಕ್ಕಳೆ, ನಿಮ್ಮ ಶಾಲಾ ಸಂಸತ್ತಿನ ಚುನಾವಣೆಯಲ್ಲೂ ಇದು ನಡೆಯುತ್ತದೆ. ತರಗತಿಯನ್ನು ನಗಿಸುವ ಒಬ್ಬ ಹುಡುಗನಿಗೆ ಎಲ್ಲರೂ ಮತ ಹಾಕಿಬಿಡುತ್ತೀರಿ. ಹಾಕಿ, ತಪ್ಪಿಲ್ಲ. ಆದರೆ ಮಾರನೆಯ ದಿನವೇ ಅವನನ್ನು ಕೇಳಿ, ಕುಡಿಯುವ ನೀರಿನ ಟ್ಯಾಂಕು ತೊಳೆಸಿದೆಯಾ, ಹುಡುಗಿಯರ ಕಡೆಯ ನಲ್ಲಿ ಸರಿ ಮಾಡಿಸಿದೆಯಾ ಎಂದು. ಅವನು ನಗಿಸುತ್ತಲೇ ಆ ಕೆಲಸ ಮಾಡಿಸಿದರೆ ಅವನಂಥ ನಾಯಕ ಇನ್ನಿಲ್ಲ. ಇನ್ನೊಂದು ಮಾತು. ಮಾತು ತೊದಲುವ ಹುಡುಗನನ್ನೋ ಹರಿದ ಅಂಗಿಯ ಹುಡುಗಿಯನ್ನೋ ಗೇಲಿ ಮಾಡುವುದಕ್ಕೆಂದೇ ಯಾರಾದರೂ ಹೆಸರು ಸೂಚಿಸಿದರೆ ಕೈ ಎತ್ತಬೇಡಿ. ಆ ಮಗು ತಾನಾಗಿಯೇ ನಿಲ್ಲುತ್ತೇನೆ ಎಂದರೆ ಮಾತ್ರ ಎರಡೂ ಕೈ ಎತ್ತಿ.

ದೊಡ್ಡವರಿಗೂ ನನ್ನ ಕೋರಿಕೆ ಇದೇ. ಆಳುವವರನ್ನು ನೋಡಿ ನಗುವುದನ್ನು ಬಿಡಬೇಡಿ, ಅದು ನಮ್ಮ ಹಕ್ಕು. ಬರುವ ಪಂಚಾಯಿತಿ ಚುನಾವಣೆಯಲ್ಲಿ ಈ ಶಾಲೆಯಲ್ಲಿ ಓದಿದ ಬಡ ಮನೆಯ ಯಾರಾದರೂ ನಾಮಪತ್ರ ಕೊಡಲು ಹೊರಟರೆ, ಅವರ ಬೆನ್ನ ಹಿಂದೆ ನಗಬೇಡಿ. ಸೂಚಕರಾಗಿ ಸಹಿ ಹಾಕಿ. ಗೆದ್ದರೆ ಕುರ್ಚಿ ಅವರಿಗೇ ಬಿಟ್ಟುಕೊಟ್ಟು, ಎದುರಿನ ಬೆಂಚಿನಲ್ಲಿ ಕೂತು ಲೆಕ್ಕ ಕೇಳಿ.

ಊಟಕ್ಕೆ ತಡವಾಯಿತು.